ಐವಿ ಪೋಷಣಾ ದ್ರವದಲ್ಲಿ ಪ್ಲಾಸ್ಟಿಸೈಜರ್: ಪರೀಕ್ಷೆಯ ಅಂಕಿ ಅನುಮಾನ ಹುಟ್ಟಿಸಿದಾಗ ದೋಷ ಹುಡುಕುವ ಬಗೆ

ಬಾಯಿಂದ ಉಣ್ಣಲಾಗದವರಿಗೆ ಗ್ಲೂಕೋಸ್, ಅಮೈನೊ ಆಮ್ಲ, ಕೊಬ್ಬಿನ ಎಮಲ್ಷನ್‌ಗಳನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಇವುಗಳಲ್ಲಿ ಪ್ಲಾಸ್ಟಿಕ್‌ನಿಂದ ಪ್ಲಾಸ್ಟಿಸೈಜರನ್ನು ಹೀರಿಕೊಳ್ಳುವುದು ಮುಖ್ಯವಾಗಿ ಎಮಲ್ಷನ್. ಪಿವಿಸಿಯನ್ನು ಮೆದುಗೊಳಿಸಲು ಹಾಕುವ ಡಿಇಎಚ್‌ಪಿ, ಅಂದರೆ ಡೈ(2-ಈಥೈಲ್‌ಹೆಕ್ಸಿಲ್) ಥಾಲೇಟ್, ಪಾಲಿಮರಿನೊಡನೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ಮೆದುವಾದ ವೈದ್ಯಕೀಯ ಪಿವಿಸಿಯ ತೂಕದಲ್ಲಿ ಅದರ ಪಾಲು ಸಾಮಾನ್ಯವಾಗಿ ಶೇ. 20ರಿಂದ 40. ನೀರಿನಲ್ಲಿ ಅದು ಕರಗುವುದು ತೀರಾ ಕಡಿಮೆ. ಎಣ್ಣೆ ತಗುಲಿದರೆ ಸಲೀಸಾಗಿ ಹೊರಬರುತ್ತದೆ.

ತೊಂದರೆ ಏನೆಂದರೆ, ಇದೇ ಡಿಇಎಚ್‌ಪಿ ಪ್ರಯೋಗಾಲಯದ ಧೂಳಿನಲ್ಲಿ, ಕೈಗವಸಿನಲ್ಲಿ, ಪೈಪೆಟ್ ಟಿಪ್‌ನಲ್ಲಿ, ದ್ರಾವಕದ ಬಾಟಲಿಯಲ್ಲೂ ಇರಬಹುದು. ಬ್ಯಾಗಿನ ಮೇಲೆ ಆರೋಪ ಹೊರಿಸುವ ಮೊದಲು ಪ್ರಯೋಗಾಲಯ ತನ್ನ ಕಡೆಯಿಂದ ಏನೂ ಸೇರಿಲ್ಲವೆಂದು ತೋರಿಸಬೇಕು. ಕೆಳಗಿನ ಕ್ರಮ ಅದಕ್ಕೆಂದೇ. ಖರ್ಚಿಲ್ಲದ ತಪಾಸಣೆ ಮೊದಲು, ಉಪಕರಣ ಬಿಚ್ಚುವ ಕೆಲಸ ಆಮೇಲೆ.

## ಬ್ಯಾಗಿನಲ್ಲಿ ಎಣ್ಣೆಯ ಪದರ ಕಾಣುತ್ತಿದೆ; ಇದು ಪ್ಲಾಸ್ಟಿಸೈಜರೇ?

ಅಲ್ಲ. ಈ ಪ್ರಮಾಣದ ಪ್ಲಾಸ್ಟಿಸೈಜರ್ ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಬರುವುದಿಲ್ಲ. ಮೇಲ್ಭಾಗದಲ್ಲಿ ಕೆನೆಯಂತೆ ಬಿಳಿ ಪದರ ನಿಂತಿದ್ದು, ಬ್ಯಾಗನ್ನು ಮೆಲ್ಲಗೆ ತಲೆಕೆಳಗು ಮಾಡಿದಾಗ ಬೆರೆತುಹೋದರೆ ಅದು ಎಮಲ್ಷನ್ ಕೆನೆಗಟ್ಟಿದ್ದು ಮಾತ್ರ. ಹಳದಿ ಎಣ್ಣೆಯ ಹನಿಗಳು ಅಥವಾ ಗೆರೆಗಳು ತೇಲುತ್ತಿದ್ದು, ಅಲುಗಾಡಿಸಿದರೂ ಬೆರೆಯದಿದ್ದರೆ ಎಮಲ್ಷನ್ ಒಡೆದಿದೆ. ಅಂಥ ಬ್ಯಾಗನ್ನು ರೋಗಿಗೆ ಹಾಕಕೂಡದು, ಫಾರ್ಮಸಿಗೆ ಹಿಂತಿರುಗಿಸಬೇಕು. ಒಡೆದ ಎಮಲ್ಷನ್ ಪರೀಕ್ಷೆಗೂ ಕೆಟ್ಟ ಮಾದರಿಯೇ. ಡಿಇಎಚ್‌ಪಿಯೆಲ್ಲ ಎಣ್ಣೆಯ ಭಾಗದಲ್ಲಿ ಸೇರಿರುವುದರಿಂದ ಎಲ್ಲಿಂದ ಹೀರಿಕೊಂಡಿರೋ ಅದಕ್ಕೆ ತಕ್ಕ ಅಂಕಿ ಬರುತ್ತದೆ. ಇದೇ ಕಾರಣಕ್ಕೆ ಎಮಲ್ಷನ್ ಮಾದರಿಯನ್ನು ಫ್ರೀಜರಿನಲ್ಲಿ ಇಡಬೇಡಿ. 4 ಡಿಗ್ರಿ ಸೆಲ್ಸಿಯಸ್ ಸಾಕು. ಗಾಜಿನ ಬಾಟಲಿ, ಟೆಫ್ಲಾನ್ ಮುಖದ ಮುಚ್ಚಳ ಇರಲಿ, ತೆಗೆಯುವ ಮೊದಲು ನಿಧಾನವಾಗಿ ಹತ್ತು ಸಲ ತಲೆಕೆಳಗು ಮಾಡಿ.

## ಬ್ಲ್ಯಾಂಕ್‌ನಲ್ಲೇ ಡಿಇಎಚ್‌ಪಿ ಪೀಕ್ ಬರುತ್ತಿದೆ

ಬ್ಲ್ಯಾಂಕ್ ಎಂದರೆ ಮಾದರಿಯಿಲ್ಲದೆ ನಡೆಸುವ ಪರೀಕ್ಷೆ; ಪೀಕ್ ಎಂದರೆ ವಸ್ತು ಇದೆಯೆಂದು ಉಪಕರಣ ತೋರಿಸುವ ಏರು. ಈ ಕೆಲಸದಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಅತಿ ಹೆಚ್ಚು ಸಮಯ ಬೇಡುವುದೂ ಇದೇ. ಬ್ಲ್ಯಾಂಕ್ ಒಂದೇ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹಲವಾರು ಇವೆ. ಒಂದೊಂದಾಗಿ ಏರಿದರೆ ಪೀಕ್ ಎಲ್ಲಿ ಹುಟ್ಟಿತೆಂದು ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ಏನನ್ನೂ ಇಂಜೆಕ್ಟ್ ಮಾಡದೆ ಉಪಕರಣವನ್ನು ಓಡಿಸಿ. ಜಿಸಿ-ಎಂಎಸ್‌ನಲ್ಲಿ (ಆವಿಯಾಗಿಸಿ, ಕಾಲಮ್ ಎಂಬ ಕೊಳವೆಯಲ್ಲಿ ಬೇರ್ಪಡಿಸಿ, ಅಯಾನುಗಳನ್ನು ತೂಗುವ ಉಪಕರಣ) ಆಗಲೂ ಥಾಲೇಟ್‌ಗಳ ಗುರುತಾದ 149 ಅಯಾನಿನ ಪೀಕ್ ಬಂದರೆ ದೋಷ ಉಪಕರಣದೊಳಗೇ ಇದೆ: ಇನ್‌ಲೆಟ್ ಸೆಪ್ಟಮ್ (ಸೂಜಿ ಚುಚ್ಚುವ ರಬ್ಬರ್ ಬಿಲ್ಲೆ), ಲೈನರ್ (ಒಳಗಿನ ಗಾಜಿನ ಕೊಳವೆ), ಓ-ರಿಂಗ್, ಕೊಳೆಯಾದ ಕಾಲಮ್ ತಲೆ. ಸೆಪ್ಟಮ್ ಮತ್ತು ಲೈನರ್ ಬದಲಿಸುವುದು ಅಗ್ಗದ ಕೆಲಸ, ಅದನ್ನೇ ಮೊದಲು ಮಾಡಿ. ಇನ್‌ಲೆಟ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ.

ಎಲ್‌ಸಿ-ಎಂಎಸ್ (ದ್ರವದ ಹರಿವಿನಲ್ಲಿ ಬೇರ್ಪಡಿಸುವ ಉಪಕರಣ) ಆದರೆ ಹರಿವು ನಿಲ್ಲಿಸದೆ ಕಾಲಮನ್ನು ಆರಂಭದ ಸ್ಥಿತಿಯಲ್ಲೇ 5 ನಿಮಿಷ ನಿಲ್ಲಿಸಿ ಒಂದು ಗ್ರೇಡಿಯೆಂಟ್ (ದ್ರಾವಕದ ಮಿಶ್ರಣ ಬದಲಿಸುತ್ತ ಹೋಗುವ ಓಟ), 30 ನಿಮಿಷ ನಿಲ್ಲಿಸಿ ಇನ್ನೊಂದು ಗ್ರೇಡಿಯೆಂಟ್ ಓಡಿಸಿ. ನಿಲ್ಲಿಸಿದ ಹೊತ್ತು ಹೆಚ್ಚಿದಂತೆ ಪೀಕ್ ದೊಡ್ಡದಾದರೆ ಮೊಬೈಲ್ ಫೇಸ್‌ನಲ್ಲಿರುವ (ಕಾಲಮಿನ ಮೂಲಕ ಹರಿಯುವ ದ್ರಾವಕದಲ್ಲಿರುವ) ಡಿಇಎಚ್‌ಪಿ ಕಾಲಮಿನ ತಲೆಯಲ್ಲಿ ಜಮೆಯಾಗುತ್ತಿದೆ ಎಂದರ್ಥ. ನೀರು, ನೀರಿನ ಶುದ್ಧೀಕರಣ ಘಟಕದ ಪ್ಲಾಸ್ಟಿಕ್ ಕೊಳವೆ, ದ್ರಾವಕದ ಫಿಲ್ಟರ್, ಪಂಪಿನ ಸೀಲ್, ಇವುಗಳಲ್ಲಿ ಯಾವುದೂ ಮೂಲವಾಗಿರಬಹುದು. ಪಂಪಿಗೂ ಇಂಜೆಕ್ಟರಿಗೂ ನಡುವೆ ಒಂದು ಚಿಕ್ಕ ಸಿ18 ಕಾಲಮ್ ಕೂರಿಸುವುದೇ ಇದಕ್ಕೆ ಸರಿಯಾದ ಪರಿಹಾರ. ಮೊಬೈಲ್ ಫೇಸ್‌ನ ಡಿಇಎಚ್‌ಪಿ ಅಲ್ಲಿ ತಡವಾಗುವುದರಿಂದ, ಮಾದರಿಯ ಪೀಕಿನ ನಂತರ ಪ್ರತ್ಯೇಕವಾಗಿ ಹೊರಬರುತ್ತದೆ. ಕಲ್ಮಶ ಹೋಗುವುದಿಲ್ಲ, ಆದರೆ ಲೆಕ್ಕದಲ್ಲಿ ಅಡ್ಡ ಬರುವುದೂ ಇಲ್ಲ.

ಎರಡನೆಯ ಮೆಟ್ಟಿಲು, ಹೊಸದಾಗಿ ತೆರೆದ ಬಾಟಲಿಯ ಶುದ್ಧ ದ್ರಾವಕವನ್ನು ಇಂಜೆಕ್ಟ್ ಮಾಡುವುದು. ಅದೇ ವಯಲಿನಿಂದ (ಮಾದರಿಯ ಪುಟ್ಟ ಸೀಸೆಯಿಂದ) ಮತ್ತೆರಡು ಸಲ ಇಂಜೆಕ್ಟ್ ಮಾಡಿ. ಮೊದಲನೆಯದು ಸ್ವಚ್ಛ, ಆಮೇಲಿನವು ಏರುತ್ತಿವೆ ಎಂದರೆ ಸೂಜಿ ಚುಚ್ಚಿದ ವಯಲ್ ಸೆಪ್ಟಮ್ ತಪ್ಪಿತಸ್ಥ. ಸೆಪ್ಟಮಿನ ಟೆಫ್ಲಾನ್ ಪದರ ಒಮ್ಮೆ ತೂತಾಯಿತೆಂದರೆ ಹಿಂದಿನ ರಬ್ಬರು ದ್ರಾವಕಕ್ಕೆ ತೆರೆದುಕೊಳ್ಳುತ್ತದೆ. ಒಂದು ವಯಲ್, ಒಂದು ಇಂಜೆಕ್ಷನ್ ಎಂಬ ನಿಯಮ ಇಟ್ಟುಕೊಳ್ಳಿ. ಆಟೋಸ್ಯಾಂಪ್ಲರಿನ ತೊಳೆಯುವ ವಯಲುಗಳನ್ನೂ ದಿನವೂ ಬದಲಿಸಿ. ಎಷ್ಟೋ ಕಡೆ ಯಾರೂ ಅತ್ತ ನೋಡುವುದೇ ಇಲ್ಲ.

ಮೂರನೆಯದು, ದ್ರಾವಕವನ್ನು ಇಂಗಿಸಿ ನೋಡುವುದು. 50 ಮಿ.ಲೀ. ಹೆಕ್ಸೇನನ್ನು 1 ಮಿ.ಲೀ.ಗೆ ಇಳಿಸಿದರೆ ಅದರಲ್ಲಿದ್ದ ಕಲ್ಮಶ 50 ಪಟ್ಟು ಸಾಂದ್ರವಾಗುತ್ತದೆ. ಪೀಕ್ ಈ ಹಂತದಲ್ಲಿ ಮಾತ್ರ ಕಾಣಿಸಿದರೆ ಹೆಕ್ಸೇನ್ ಅಥವಾ ಇಂಗಿಸಲು ಬಳಸಿದ ನೈಟ್ರೋಜನ್ ಕಾರಣ. ಸಿಲಿಂಡರಿನಿಂದ ಬರುವ ಕೊಳವೆ ಮೆದುವಾದ ಪ್ಲಾಸ್ಟಿಕ್ಕಿನದ್ದೇ ನೋಡಿ. ಆಗಿದ್ದರೆ ತಾಮ್ರ, ಸ್ಟೀಲ್ ಅಥವಾ ಟೆಫ್ಲಾನ್ ಕೊಳವೆ ಹಾಕಿ.

ನಾಲ್ಕನೆಯದು ಮಾದರಿಯನ್ನು ಬಿಟ್ಟು ಉಳಿದೆಲ್ಲ ಹಂತಗಳನ್ನೂ ನಡೆಸಿದ ಪೂರ್ಣ ಬ್ಲ್ಯಾಂಕ್. ಹಿಂದಿನ ಮೂರೂ ಸ್ವಚ್ಛವಾಗಿದ್ದು ಇಲ್ಲಿ ಪೀಕ್ ಬಂದರೆ ಗಾಜಿನ ಸಾಮಾನು, ಉಪ್ಪು, ಎಸ್‌ಪಿಇ ಕಾರ್ಟ್ರಿಜ್ (ಮಾದರಿ ಶುದ್ಧಗೊಳಿಸುವ ಪುಟ್ಟ ಕೊಳವೆ), ಕೈಗವಸು, ಪ್ಯಾರಾಫಿಲ್ಮ್, ಪ್ಲಾಸ್ಟಿಕ್ ಟಿಪ್ ಇವುಗಳ ಸರದಿ. ವಿನೈಲ್ ಕೈಗವಸೆಂದರೆ ಪ್ಲಾಸ್ಟಿಸೈಜರ್ ತುಂಬಿದ ಪಿವಿಸಿ. ಈ ಕೋಣೆಯೊಳಗೇ ಬರಬಾರದು. ನೈಟ್ರೈಲ್ ಆದರೂ ಒಂದು ಬೆರಳಿನ ತುಂಡನ್ನು ಹೆಕ್ಸೇನಿನಲ್ಲಿ ಅದ್ದಿ, ಆ ಹೆಕ್ಸೇನನ್ನು ಪರೀಕ್ಷಿಸಿದ ಮೇಲೇ ಆ ಪೆಟ್ಟಿಗೆಗೆ ಒಪ್ಪಿಗೆ ಕೊಡಿ. ಅಳತೆಯಿಲ್ಲದ ಗಾಜಿನ ಸಾಮಾನನ್ನು ಮಫಲ್ ಕುಲುಮೆಯಲ್ಲಿ 400 ಡಿಗ್ರಿ ಸೆಲ್ಸಿಯಸ್‌ನಲ್ಲಿ 4 ಗಂಟೆ ಸುಡಿ. ವಾಲ್ಯೂಮೆಟ್ರಿಕ್ ಫ್ಲಾಸ್ಕ್, ಪೈಪೆಟ್‌ಗಳನ್ನು ಸುಟ್ಟರೆ ಅಳತೆ ಕೆಡುತ್ತದೆ, ಅವಕ್ಕೆ ಅಸಿಟೋನ್ ಮತ್ತು ಹೆಕ್ಸೇನ್ ತೊಳೆತವೇ ಸರಿ. ಸೋಡಿಯಂ ಸಲ್ಫೇಟ್, ಸೋಡಿಯಂ ಕ್ಲೋರೈಡ್, ಅಲ್ಯೂಮಿನಿಯಂ ಹಾಳೆಗಳನ್ನೂ ಇದೇ 400 ಡಿಗ್ರಿಯಲ್ಲಿ ಸುಡಬಹುದು. ದ್ರಾವಕದಲ್ಲಿ ತೊಳೆದ ಸಾಮಾನು ಪೂರ್ತಿ ಆರುವ ಮೊದಲು ಕುಲುಮೆಗೆ ಹೋದರೆ ಬೆಂಕಿ ಹತ್ತುತ್ತದೆ. ಸುಟ್ಟ ಸಾಮಾನಿನ ಬಾಯಿಗೆ ಕೂಡಲೇ ಹಾಳೆ ಮುಚ್ಚಿ. ತೆರೆದಿಟ್ಟರೆ ಕೋಣೆಯ ಧೂಳಿನಿಂದ ಮತ್ತೆ ಡಿಇಎಚ್‌ಪಿ ಕೂರುತ್ತದೆ.

ಐದನೆಯದು ಕ್ಷೇತ್ರದ ಬ್ಲ್ಯಾಂಕ್. ಹೆಕ್ಸೇನಿನಿಂದ ತೊಳೆದ ಗಾಜಿನ ಬಾಟಲಿಯಲ್ಲಿ ಶುದ್ಧ ನೀರು ತುಂಬಿ, ಮಾದರಿ ತೆಗೆಯುವ ಜಾಗಕ್ಕೆ ಒಯ್ದು, ಅಲ್ಲಿ ಮುಚ್ಚಳ ತೆರೆದು ಮುಚ್ಚಿ ವಾಪಸ್ ತನ್ನಿ. ಸಾಗಾಟದಲ್ಲೋ ಮಾದರಿ ತೆಗೆಯುವ ಜಾಗದಲ್ಲೋ ಕಲ್ಮಶ ಸೇರಿದ್ದರೆ ಅದರಲ್ಲಿ ಸಿಗುತ್ತದೆ. ಮಾದರಿಗೆ ಗಾಜಿನ ಸಿರಿಂಜ್ ಬಳಸಿ.

ಇಷ್ಟೆಲ್ಲ ಮಾಡಿದರೂ ಬ್ಲ್ಯಾಂಕ್ ಸೊನ್ನೆಗೆ ಇಳಿಯುವುದು ಅಪರೂಪ. ಚಿಕ್ಕದಾಗಿಯೂ ಸ್ಥಿರವಾಗಿಯೂ ಇರುವುದು ಮುಖ್ಯ. ಕನಿಷ್ಠ 10 ಬ್ಲ್ಯಾಂಕ್‌ಗಳ ಸರಾಸರಿಗೆ ಅವುಗಳ ಪ್ರಮಾಣಿತ ವಿಚಲನೆಯ 10 ಪಟ್ಟು ಕೂಡಿಸಿದರೆ ನಂಬಬಹುದಾದ ಅಳತೆಯ ಕೆಳಮಿತಿ ಸಿಗುತ್ತದೆ. ಬ್ಲ್ಯಾಂಕ್ ಒಂದು ದಿನ 2, ಮರುದಿನ 20 ಎಂದು ಕುಣಿಯುತ್ತಿದ್ದರೆ ಅದನ್ನು ಮಾದರಿಯಿಂದ ಕಳೆಯುವ ಲೆಕ್ಕಕ್ಕೆ ಅರ್ಥವಿಲ್ಲ. ಅಲ್ಲಿಗೆ ನಿಲ್ಲಿಸಿ, ಮಾದರಿಗಳನ್ನು ಮುಟ್ಟಬೇಡಿ.

## ಹೆಚ್ಚಿನ ಮಾದರಿಯ ನಂತರ ಬಂದವೆಲ್ಲ ಹೆಚ್ಚು ತೋರಿಸುತ್ತಿವೆ

ಅತಿ ಹೆಚ್ಚಿನ ಸ್ಟ್ಯಾಂಡರ್ಡ್ (ಡಿಇಎಚ್‌ಪಿ ಪ್ರಮಾಣ ಗೊತ್ತಿರುವ ದ್ರಾವಣ) ಓಡಿಸಿ, ಅದರ ಬೆನ್ನಿಗೆ ಮೂರು ಬೇರೆ ವಯಲಿನ ದ್ರಾವಕ ಓಡಿಸಿ. ಪೀಕ್ ಪ್ರತಿ ಸಲವೂ ಕುಗ್ಗುತ್ತ ಹೋದರೆ ಹಿಂದಿನ ಮಾದರಿಯ ಉಳಿಕೆ ಮುಂದಕ್ಕೆ ಸಾಗುತ್ತಿದೆ; ಮೂರರಲ್ಲೂ ಒಂದೇ ಎತ್ತರವಿದ್ದರೆ ಅದು ಹಿಂದಿನ ವಿಭಾಗದ ಹಿನ್ನೆಲೆ ಕಲ್ಮಶ. ಉಳಿಕೆಗೆ ಸೂಜಿಯನ್ನು ಐಸೊಪ್ರೊಪನಾಲಿನಲ್ಲಿ ತೊಳೆಸುವುದು ಮೊದಲ ಮದ್ದು. ಜಿಸಿಯಲ್ಲಿ ಕೊಬ್ಬು ಲೈನರಿನಲ್ಲಿ ಕೂತು ಡಿಇಎಚ್‌ಪಿಯನ್ನು ಹಿಡಿದು ನಿಧಾನಕ್ಕೆ ಬಿಡುತ್ತಿದ್ದರೆ ತೊಳೆತ ಸಾಲದು, ಕೊಬ್ಬು ತೆಗೆಯುವ ಹಂತವನ್ನೇ ಸರಿಪಡಿಸಬೇಕು.

## ಸ್ಪೈಕ್ ಮಾಡಿದಷ್ಟು ವಾಪಸ್ ಸಿಗುತ್ತಿಲ್ಲ

ಸ್ಪೈಕ್ ಎಂದರೆ ಗೊತ್ತಿರುವಷ್ಟು ಡಿಇಎಚ್‌ಪಿಯನ್ನು ಮಾದರಿಗೆ ಸೇರಿಸುವುದು; ಅದರಲ್ಲಿ ಮರಳಿ ಸಿಕ್ಕ ಪಾಲು ವಾಪಸಾತಿ. ಮಾದರಿಯ ಒಂದು ಭಾಗಕ್ಕೆ ಹೊರತೆಗೆಯುವ ಮೊದಲು, ಇನ್ನೊಂದಕ್ಕೆ ಹೊರತೆಗೆದ ಮೇಲೆ ಅಷ್ಟೇ ಡಿಇಎಚ್‌ಪಿ ಸೇರಿಸಿ. ಎರಡನೆಯದು ಸರಿಯಿದ್ದು ಮೊದಲನೆಯದು ಕಡಿಮೆ ಬಂದರೆ ಹೊರತೆಗೆಯುವಾಗ ನಷ್ಟವಾಗುತ್ತಿದೆ. ಎರಡೂ ಕಡಿಮೆಯಾದರೆ ಉಳಿದ ಕೊಬ್ಬು ಸಂಕೇತವನ್ನು ಅಡಗಿಸುತ್ತಿದೆ. ಈ ಒಂದು ಜೋಡಿ ಪ್ರಯೋಗ ಎಷ್ಟೋ ದಿನಗಳ ಊಹೆಯನ್ನು ಉಳಿಸುತ್ತದೆ.

ಹೊರತೆಗೆಯುವಾಗಿನ ನಷ್ಟಕ್ಕೆ ಸಾಮಾನ್ಯ ಕಾರಣ ಎಮಲ್ಷನ್ ಪೂರ್ತಿ ಒಡೆಯದಿರುವುದು. ಮೊಟ್ಟೆಯ ಫಾಸ್ಫೊಲಿಪಿಡ್ ಸುತ್ತಿದ ಎಣ್ಣೆಯ ಕಣಗಳ ಸರಾಸರಿ ಗಾತ್ರ ಅರ್ಧ ಮೈಕ್ರಾನಿಗಿಂತ ಕಡಿಮೆ. ಬರೀ ಹೆಕ್ಸೇನ್ ಹಾಕಿ ಕುಲುಕಿದರೆ ಹೆಕ್ಸೇನ್ ಒಳಹೋಗುವ ಬದಲು ಇಡೀ ಮಿಶ್ರಣ ಕೆನೆಯಂತೆ ಗಟ್ಟಿಯಾಗಿ ನಿಲ್ಲಬಹುದು. 0.5 ಮಿ.ಲೀ. ಎಮಲ್ಷನ್ನಿಗೆ ಡಿಇಎಚ್‌ಪಿ-ಡಿ4 (ನಾಲ್ಕು ಹೈಡ್ರೋಜನ್ ಬದಲು ಡ್ಯುಟೇರಿಯಂ ಇರುವ ಡಿಇಎಚ್‌ಪಿ) ಇಂಟರ್ನಲ್ ಸ್ಟ್ಯಾಂಡರ್ಡ್ ಸೇರಿಸಿ ಅರ್ಧ ಗಂಟೆ ಬಿಡಿ, ಅದು ಎಣ್ಣೆಯೊಳಗೆ ಸೇರಲು ಅಷ್ಟು ಸಮಯ ಬೇಕು. ಆಮೇಲೆ 1.5 ಮಿ.ಲೀ. ಐಸೊಪ್ರೊಪನಾಲ್ ಹಾಕಿ ಒಡೆಯಿರಿ, ನಂತರ 2 ಮಿ.ಲೀ. ಹೆಕ್ಸೇನಿನಂತೆ ಎರಡು ಸಲ ತೆಗೆಯಿರಿ. ಪದರಗಳ ನಡುವೆ ಬಿಳಿ ಪಟ್ಟಿ ಉಳಿದರೆ ಚಿಟಿಕೆ ಸುಟ್ಟ ಉಪ್ಪು ಹಾಕಿ ಸೆಂಟ್ರಿಫ್ಯೂಜ್ ಮಾಡಿ.

ಈಗ ಹೆಕ್ಸೇನಿನಲ್ಲಿ ಡಿಇಎಚ್‌ಪಿಯ ಜೊತೆ ಎಣ್ಣೆಯೂ ಇದೆ. ಶೇ. 20ರ ಎಮಲ್ಷನ್ ಆದರೆ ಆ ಅರ್ಧ ಮಿ.ಲೀ.ಯಲ್ಲಿ 100 ಮಿ.ಗ್ರಾಂ ಎಣ್ಣೆ. ಹೆಕ್ಸೇನ್ ತುಂಬಿಕೊಂಡ ಅಸಿಟೊನೈಟ್ರೈಲಿನೊಡನೆ ಕುಲುಕಿದರೆ ಡಿಇಎಚ್‌ಪಿಯ ಒಂದು ಪಾಲು ಅದಕ್ಕೆ ಇಳಿಯುತ್ತದೆ, ಸೋಯಾ ಎಣ್ಣೆ ಬಹುಪಾಲು ಹೆಕ್ಸೇನಿನಲ್ಲೇ ಉಳಿಯುತ್ತದೆ. ಡಿಇಎಚ್‌ಪಿ ಪೂರ್ತಿಯಾಗಿ ಎಂದೂ ಇಳಿಯುವುದಿಲ್ಲ. ಹಾಗಾಗಿ ಎರಡು ಮೂರು ಸಲ ತೆಗೆಯಬೇಕು, ಡಿ4 ಇಲ್ಲದೆ ಲೆಕ್ಕ ಹಾಕಬಾರದು. ಅಸಿಟೊನೈಟ್ರೈಲನ್ನು ಮೈನಸ್ 20 ಡಿಗ್ರಿಯಲ್ಲಿಟ್ಟರೆ ಉಳಿದ ಕೊಬ್ಬು ಹೆಪ್ಪುಗಟ್ಟಿ ಕೆಳಗೆ ಕೂರುತ್ತದೆ. ಆದರೆ ಮಧ್ಯಮ ಸರಪಳಿಯ ಟ್ರೈಗ್ಲಿಸರೈಡ್ ಅಥವಾ ಮೀನೆಣ್ಣೆ ಇರುವ ಎಮಲ್ಷನ್ನಿನಲ್ಲಿ ಇದನ್ನು ನೆಚ್ಚಬೇಡಿ. ಮಧ್ಯಮ ಸರಪಳಿಯವು ಅಸಿಟೊನೈಟ್ರೈಲಿನಲ್ಲಿ ಚೆನ್ನಾಗಿಯೇ ಕರಗುತ್ತವೆ, ತಣ್ಣಗಾದರೂ ಬಿಟ್ಟುಕೊಡುವುದಿಲ್ಲ. ಸೋಯಾ ಎಣ್ಣೆಯಲ್ಲಿ ಒಪ್ಪವಾಗಿ ನಡೆದ ವಿಧಾನ ಮಿಶ್ರ ಎಣ್ಣೆಯ ಉತ್ಪನ್ನದಲ್ಲಿ ಕೈಕೊಡುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಅಂಥಲ್ಲಿ ಜೆಲ್ ಪರ್ಮಿಯೇಷನ್ ಕ್ರೊಮ್ಯಾಟೋಗ್ರಫಿಯಿಂದ ದೊಡ್ಡ ಕೊಬ್ಬಿನ ಅಣುಗಳನ್ನು ಬೇರ್ಪಡಿಸಬೇಕು, ಇಲ್ಲವೇ ಎಲ್‌ಸಿಯಲ್ಲಿ ಡಿಇಎಚ್‌ಪಿ ಬಂದ ನಂತರ ಕಾಲಮನ್ನು ಪ್ರತಿ ಸಲ ಐಸೊಪ್ರೊಪನಾಲಿನಲ್ಲಿ ತೊಳೆಯಬೇಕು.

ಕ್ಷಾರ ಹಾಕಿ ಕೊಬ್ಬನ್ನು ಸಾಬೂನಾಗಿಸುವ ಉಪಾಯ ಮಾತ್ರ ಬೇಡವೇ ಬೇಡ. ಡಿಇಎಚ್‌ಪಿಯೂ ಎಸ್ಟರೇ. ಕೊಬ್ಬಿನ ಜೊತೆ ಅದೂ ಒಡೆದು ಮೊನೊ ಎಸ್ಟರಾದ ಎಂಇಎಚ್‌ಪಿಯಾಗಿ, ಮುಂದೆ ಥಾಲಿಕ್ ಆಮ್ಲವಾಗಿ ಹೋಗುತ್ತದೆ.

ಗ್ಲೂಕೋಸ್ ಮತ್ತು ಅಮೈನೊ ಆಮ್ಲದ ದ್ರಾವಣಗಳಲ್ಲಿ ಕತೆ ಬೇರೆ. ಅಲ್ಲಿ ಎಣ್ಣೆಯಿಲ್ಲದ್ದರಿಂದ ಡಿಇಎಚ್‌ಪಿ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಅರ್ಧ ಸುರಿದುಕೊಂಡು ಪರೀಕ್ಷಿಸಿದರೆ ಕಡಿಮೆ ಬಂದೇ ಬರುತ್ತದೆ. ಬಾಟಲಿಯಲ್ಲಿದ್ದಷ್ಟನ್ನೂ ಬಳಸಿ, ಖಾಲಿ ಬಾಟಲಿಯನ್ನು ಹೆಕ್ಸೇನಿನಲ್ಲಿ ಅಲುಬಿ ಅದನ್ನೂ ಸೇರಿಸಿ. ನೀರಿನ ದ್ರಾವಣವೆಂದು ನಿಶ್ಚಿಂತರಾಗಬೇಡಿ. ವಿಟಮಿನ್ ಇಂಜೆಕ್ಷನ್ನಿನಲ್ಲಿ ಪಾಲಿಸಾರ್ಬೇಟ್ 80 ಇದ್ದರೆ ಅದು ಎಣ್ಣೆಯಂತೆಯೇ ಡಿಇಎಚ್‌ಪಿಯನ್ನು ಹೊರಗೆಳೆಯುತ್ತದೆ.

ವಾಪಸಾತಿ ಶೇ. 120 ದಾಟಿದರೆ ಮತ್ತೆ ಬ್ಲ್ಯಾಂಕಿನ ಕಡೆ ಹೋಗಿ. ಅದು ಸರಿಯಿದ್ದರೆ ಡಿ4 ಸ್ಟ್ಯಾಂಡರ್ಡನ್ನು ಒಂಟಿಯಾಗಿ ಓಡಿಸಿ, ಅದರಲ್ಲೇ ಸಾಮಾನ್ಯ ಡಿಇಎಚ್‌ಪಿಯ ಅಂಶವಿದೆಯೇ ನೋಡಿ.

## 149ರ ಪೀಕ್ ಇದೆ, ಉಳಿದ ಅಯಾನುಗಳು ಹೊಂದುತ್ತಿಲ್ಲ

149 ಬಹುತೇಕ ಎಲ್ಲ ಥಾಲೇಟ್‌ಗಳಿಗೂ ಸಾಮಾನ್ಯವಾದದ್ದು. ಅದೊಂದನ್ನೇ ನೋಡಿ ಡಿಇಎಚ್‌ಪಿ ಎಂದು ಬರೆಯುವಂತಿಲ್ಲ. 167 ಮತ್ತು 279 ಕೂಡ ಅದೇ ಹೊತ್ತಿಗೆ ಬರಬೇಕು, ಅವುಗಳ ಅನುಪಾತ ಅದೇ ದಿನದ ಸ್ಟ್ಯಾಂಡರ್ಡಿಗೆ ಹೊಂದಬೇಕು. ಡಿ4ಗೆ 153 ಮತ್ತು 171. ಹೆಚ್ಚು ಎಡವುವುದು ಇನ್ನೊಂದು ಪ್ಲಾಸ್ಟಿಸೈಜರಾದ ಡಿಇಎಚ್‌ಟಿಯಲ್ಲಿ. ಅದು ಟೆರೆಫ್ತಾಲೇಟ್, ಅಣುತೂಕ ಡಿಇಎಚ್‌ಪಿಯದ್ದೇ, 390.6. ಜಿಸಿಯಲ್ಲಿ ಅದು ತಡವಾಗಿ ಬರುತ್ತದೆ, 261 ಎದ್ದು ಕಾಣುತ್ತದೆ. ಎಲ್‌ಸಿಯಲ್ಲಿ ಎರಡಕ್ಕೂ 391 ಅಯಾನೇ ಇರುವುದರಿಂದ ಕಾಲಮ್ ಬೇರ್ಪಡಿಸದಿದ್ದರೆ ಮೋಸ ಹೋಗುತ್ತೀರಿ. ಇತರ ಪ್ಲಾಸ್ಟಿಸೈಜರ್‌ಗಳಲ್ಲಿ ಡಿಐಎನ್‌ಸಿಎಚ್‌ಗೆ 155, ಟಿಒಟಿಎಂಗೆ 305, ಅಡಿಪೇಟ್ ಆದ ಡಿಇಎಚ್‌ಎಗೆ 129 ಹುಡುಕಿ. ಚೂಪಾದ ಪೀಕಿನ ಬದಲು ಅಗಲವಾದ ಗುಡ್ಡದಂತೆ ಬಂದರೆ ಡಿಐಎನ್‌ಪಿ ಅಥವಾ ಡಿಐಎನ್‌ಸಿಎಚ್‌ನಂಥ ಐಸೊಮರ್ ಮಿಶ್ರಣ.

## ಲೇಬಲ್ ‘ಡಿಇಎಚ್‌ಪಿ ಮುಕ್ತ’ ಅನ್ನುತ್ತದೆ, ಅಂಕಿ ಇದೆ ಅನ್ನುತ್ತದೆ

ಬ್ಲ್ಯಾಂಕ್ ಸ್ವಚ್ಛ, ಅನುಪಾತ ಸರಿ ಎಂದಾದ ಮೇಲೆ ಮಾತ್ರ ಈ ವಿಭಾಗಕ್ಕೆ ಬನ್ನಿ. ಲೇಬಲ್ ಆ ಒಂದು ವಸ್ತುವಿನ ಬಗ್ಗೆ ಮಾತ್ರ ಹೇಳುತ್ತದೆ. ಎಲ್ಲವನ್ನೂ ಬೆರೆಸಿ ಕೊಡುವ ಬ್ಯಾಗು ಹೆಚ್ಚಾಗಿ ಇವಿಎ (ಈಥಿಲೀನ್ ವಿನೈಲ್ ಅಸಿಟೇಟ್), ಅದಕ್ಕೆ ಪ್ಲಾಸ್ಟಿಸೈಜರ್ ಬೇಕಿಲ್ಲ. ಆದರೆ ಅದನ್ನು ತುಂಬಿದ ಟ್ರಾನ್ಸ್‌ಫರ್ ಸೆಟ್, ರೋಗಿಗೆ ಜೋಡಿಸುವ ಡ್ರಿಪ್ ಸೆಟ್, ಎಕ್ಸ್‌ಟೆನ್ಷನ್ ಟ್ಯೂಬ್ ಪಿವಿಸಿ ಆಗಿರಬಹುದು. ಮೊದಲು ಇಡೀ ಹಾದಿಯ ಪ್ರತಿ ತುಂಡಿನ ಲೇಬಲ್ ಓದಿ. ಯುರೋಪಿನ ವೈದ್ಯಕೀಯ ಸಾಧನ ನಿಯಮ 2017/745ರ ಪ್ರಕಾರ ದೇಹಕ್ಕೆ ದ್ರವ ಒಯ್ಯುವ ಸಾಧನದಲ್ಲಿ ಡಿಇಎಚ್‌ಪಿಯಂಥ ವಸ್ತು ತೂಕದ ಶೇ. 0.1 ಮೀರಿದರೆ ಅದನ್ನು ಸಮರ್ಥಿಸಬೇಕು, ಲೇಬಲಿನಲ್ಲಿ ತೋರಿಸಬೇಕು.

ಓದಿದ್ದು ಸಾಲದಿದ್ದರೆ ಪ್ರತಿ ಭಾಗದಿಂದ ಅರ್ಧ ಸೆಂ.ಮೀ. ತುಂಡು ಕತ್ತರಿಸಿ. ಬಿಸಿ ತಾಮ್ರದ ತಂತಿಗೆ ತುಂಡನ್ನು ತಾಗಿಸಿ ಜ್ವಾಲೆಗೆ ಹಿಡಿದಾಗ ಹಸಿರು ಬಣ್ಣ ಬಂದರೆ ಕ್ಲೋರಿನ್ ಇದೆ, ಪಿವಿಸಿ ಆಗಿರುವ ಸಾಧ್ಯತೆ ಹೆಚ್ಚು. ಹೊಗೆ ವಿಷಕಾರಿ, ಫ್ಯೂಮ್ ಹುಡ್ ಇಲ್ಲದೆ ಇದನ್ನು ಮಾಡಬೇಡಿ. ದ್ರಾವಕಗಳು ಹತ್ತಿರ ಇರಬಾರದು. ಎಫ್‌ಟಿಐಆರ್ (ಅವಗೆಂಪು ಬೆಳಕಿನಿಂದ ವಸ್ತುವನ್ನು ಗುರುತಿಸುವ ಉಪಕರಣ) ಇದ್ದರೆ ಅದು ಇನ್ನೂ ಒಳ್ಳೆಯದು. ಆರ್ಥೊಥಾಲೇಟ್ (ಡಿಇಎಚ್‌ಪಿಯಂಥದ್ದು) ಆದರೆ 1720 ಸೆಂ.ಮೀ.⁻¹ ಸುಮಾರಿನ ಎಸ್ಟರ್ ಪಟ್ಟಿಯ ಜೊತೆ 1600 ಮತ್ತು 1580ರಲ್ಲಿ ಚಿಕ್ಕ ಜೋಡಿ ಪಟ್ಟಿ ಕಾಣುತ್ತದೆ, ಡಿಐಎನ್‌ಸಿಎಚ್‌ನಲ್ಲಿ ಆ ಜೋಡಿ ಇರುವುದಿಲ್ಲ. ತುಂಡು ತೆಗೆದ ಮೇಲೆ ಉಪಕರಣದ ಹರಳಿನ ಮೇಲೆ ಪ್ಲಾಸ್ಟಿಸೈಜರ್ ಉಳಿಯುತ್ತದೆ, ಐಸೊಪ್ರೊಪನಾಲಿನಲ್ಲಿ ಒರೆಸಿ.

ಒಳಗೆ ಪಾಲಿಥಿಲೀನ್ ಲೇಪಿಸಿದ ಪಿವಿಸಿ ಟ್ಯೂಬ್ ಸುರಕ್ಷಿತವೆಂಬ ನಂಬಿಕೆಯಿದೆ. ಡಿಇಎಚ್‌ಪಿ ಆ ತೆಳು ಪದರವನ್ನೂ ದಾಟಿ ಬರಬಲ್ಲದು. ಇನ್ನು, ಪ್ಯಾಕಿಂಗ್‌ಗಿಂತ ಮೊದಲೇ ಎಣ್ಣೆಯಲ್ಲಿ ಸ್ವಲ್ಪ ಥಾಲೇಟ್ ಇರುವುದೂ ಉಂಟು. ಗಾಜಿನ ಬಾಟಲಿಯಲ್ಲಿ ಬಂದ ಅಂಥದ್ದೇ ಎಮಲ್ಷನ್ ಪರೀಕ್ಷಿಸಿದರೆ ಈ ಸಾಧ್ಯತೆ ಬೇರ್ಪಡುತ್ತದೆ.

## ಒಂದೇ ಬ್ಯಾಗು, ಪ್ರತಿ ಸಲ ಬೇರೆ ಅಂಕಿ

ಮಾದರಿಯನ್ನು ಎಲ್ಲಿಂದ, ಯಾವಾಗ ತೆಗೆದಿರಿ ಎಂಬುದನ್ನು ನೋಡಿ. ಒಳವ್ಯಾಸ 3 ಮಿ.ಮೀ., ಉದ್ದ 1.5 ಮೀಟರ್ ಇರುವ ಟ್ಯೂಬಿನಲ್ಲಿ ಸುಮಾರು 10.6 ಮಿ.ಲೀ. ಹಿಡಿಯುತ್ತದೆ. ಗಂಟೆಗೆ 100 ಮಿ.ಲೀ. ಹರಿದರೆ ಎಮಲ್ಷನ್ ಅದರೊಳಗೆ ಇರುವುದು ಆರು ನಿಮಿಷಕ್ಕಿಂತ ತುಸು ಹೆಚ್ಚು. ನವಜಾತ ಶಿಶುವಿಗೆ ಕೊಡುವಂತೆ ಗಂಟೆಗೆ 2 ಮಿ.ಲೀ. ಆದರೆ ಐದು ಗಂಟೆಗೂ ಹೆಚ್ಚು. ಅಷ್ಟು ಹೊತ್ತು ಎಣ್ಣೆ ಪಿವಿಸಿಗೆ ತಾಗಿಕೊಂಡೇ ಇರುತ್ತದೆ, ಇನ್‌ಕ್ಯುಬೇಟರಿನ ಬಿಸಿ ಬೇರೆ. ಅತಿ ಚಿಕ್ಕ ರೋಗಿಗೆ ಅತಿ ಸಾಂದ್ರವಾದ ಪ್ಲಾಸ್ಟಿಸೈಜರ್ ಸಿಗುವುದು ಹೀಗೆ. ಬ್ಯಾಗಿನಿಂದ ನೇರ ತೆಗೆದ ಮಾದರಿಯಲ್ಲಿ ಇದು ಕಾಣುವುದೇ ಇಲ್ಲ.

ಆದ್ದರಿಂದ ಅಣಕು ಇನ್‌ಫ್ಯೂಷನ್ ನಡೆಸಿ. ನಿಜವಾದ ಸೆಟ್, ನಿಜವಾದ ವೇಗ, ನಿಜವಾದ ತಾಪಮಾನ ಇರಲಿ. ಟ್ಯೂಬಿನ ತುದಿಯಿಂದ 24 ಗಂಟೆ ಹರಿದದ್ದನ್ನೆಲ್ಲ ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ನಿಂತು ಹರಿದ ದ್ರವದ ಮೊದಲ ಕೆಲವು ಮಿ.ಲೀ. ಯಾವಾಗಲೂ ಹೆಚ್ಚು ತೋರಿಸುತ್ತದೆ. ಅದೊಂದನ್ನೇ ಹಿಡಿದು ಇಡೀ ದಿನದ ಲೆಕ್ಕ ಹಾಕಬಾರದು.

## ಅಂಕಿ ನಿಜ ಎಂದು ಖಚಿತವಾಯಿತು

ಲೀಟರಿಗೆ ಎಷ್ಟು ಎಂಬುದನ್ನು ದೇಹದ ತೂಕದ ಲೆಕ್ಕಕ್ಕೆ ತಿರುಗಿಸಿ. 3 ಕೆ.ಜಿ. ಮಗು, ದಿನಕ್ಕೆ ಕೆ.ಜಿ.ಗೆ 3 ಗ್ರಾಂ ಕೊಬ್ಬು, ಶೇ. 20ರ ಎಮಲ್ಷನ್ ಎಂದರೆ ದಿನಕ್ಕೆ 45 ಮಿ.ಲೀ. ಲೀಟರಿಗೆ 10 ಮಿ.ಗ್ರಾಂ ಡಿಇಎಚ್‌ಪಿ ಸಿಕ್ಕಿದ್ದರೆ ಮಗುವಿಗೆ ದಿನಕ್ಕೆ 0.45 ಮಿ.ಗ್ರಾಂ, ಕೆ.ಜಿ.ಗೆ 0.15 ಮಿ.ಗ್ರಾಂ. ಅಮೆರಿಕದ ಎಫ್‌ಡಿಎ 2001ರ ಮೌಲ್ಯಮಾಪನದಲ್ಲಿ ರಕ್ತನಾಳದ ಹಾದಿಗೆ ಇಟ್ಟ ಸಹನೀಯ ಪ್ರಮಾಣ ದಿನಕ್ಕೆ ಕೆ.ಜಿ.ಗೆ 0.6 ಮಿ.ಗ್ರಾಂ. ಈ ಮಗು ಅದರ ಕೆಳಗಿದೆ ಎಂದು ಕಡತ ಮುಚ್ಚುವಂತಿಲ್ಲ. ರಕ್ತ ಕೊಡುವ ಬ್ಯಾಗ್, ಉಸಿರಾಟದ ಕೊಳವೆ, ಉಳಿದ ಐವಿ ಟ್ಯೂಬುಗಳಿಂದ ಬರುವುದೂ ಅದೇ ಮಗುವಿನ ದೇಹಕ್ಕೇ ಸೇರುತ್ತದೆ. ವಿಷಪರಿಣಾಮಕ್ಕೆ ಹೆಚ್ಚಾಗಿ ಹೊಣೆಯಾದ ಎಂಇಎಚ್‌ಪಿಯನ್ನೂ ಅಳೆದಿರಬೇಕು.

ಇಲ್ಲಿಂದ ಮುಂದೆ ಪ್ರಯೋಗಾಲಯ ಒಬ್ಬಂಟಿಯಾಗಿ ತೀರ್ಮಾನಿಸಬಾರದು. ಆಸ್ಪತ್ರೆಯ ಫಾರ್ಮಸಿಗೂ ಚಿಕಿತ್ಸೆ ಮಾಡುತ್ತಿರುವ ವೈದ್ಯರಿಗೂ ಅದೇ ದಿನ ತಿಳಿಸಿ, ಬ್ಯಾಚ್ ಸಂಖ್ಯೆಯೊಡನೆ ತಯಾರಕರಿಗೂ ಔಷಧ ನಿಯಂತ್ರಣ ಇಲಾಖೆಗೂ ಬರೆಯಿರಿ, ಉಳಿದ ಮಾದರಿಯ ಒಂದು ಭಾಗವನ್ನು ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ ಕಳಿಸಿ. ಓಡುತ್ತಿರುವ ಇನ್‌ಫ್ಯೂಷನ್ನನ್ನು ರೋಗಿಯ ಮನೆಯವರಾಗಲಿ ಸಿಬ್ಬಂದಿಯಾಗಲಿ ತಾವಾಗಿ ಕಿತ್ತುಹಾಕಬಾರದು. ಗ್ಲೂಕೋಸ್ ಹಠಾತ್ತನೆ ನಿಂತರೆ ರಕ್ತದ ಸಕ್ಕರೆ ಕುಸಿಯಬಹುದು, ಶಿಶುಗಳಲ್ಲಿ ಅದು ಪ್ಲಾಸ್ಟಿಸೈಜರಿಗಿಂತ ಹತ್ತಿರದ ಅಪಾಯ. ಪಿವಿಸಿ ಅಲ್ಲದ ಸೆಟ್‌ಗೆ ಬದಲಿಸುವ ನಿರ್ಧಾರ ವೈದ್ಯರದ್ದು.

ವರದಿಯಲ್ಲಿ ಅಂಕಿಯ ಜೊತೆ ಆ ದಿನದ ಬ್ಲ್ಯಾಂಕಿನ ಅಂಕಿ, ವಾಪಸಾತಿ, ಅಳತೆಯ ಕೆಳಮಿತಿ, ಸೆಟ್ಟಿನ ಹೆಸರು ಮತ್ತು ಬ್ಯಾಚ್, ಟ್ಯೂಬಿನ ಉದ್ದ, ಹರಿವಿನ ವೇಗ, ತಾಪಮಾನ, ಮಾದರಿ ತೆಗೆದ ಜಾಗ ಇಷ್ಟನ್ನೂ ಬರೆಯಿರಿ. ಪರೀಕ್ಷಿಸಿದ ಬ್ಯಾಗು, ಸೆಟ್ಟುಗಳನ್ನು ಎಸೆಯದೆ ಸುಟ್ಟ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಗುರುತು ಬರೆದು ತೆಗೆದಿಡಿ.